ಫಿಟ್ಟರ್ ಬಾಲರಾಜು ಮತ್ತು ಸಡಿಲಾಗುವ ಜರಡಿ

"ಹಂಗಾರೆ ನೀನೇ ಕೂತ್ಕಾ ಬಾ ಬಾಲರಾಜ, ಆ ಜರಡಿ ಬುಡದಾಗೆ. ನಿನ್ ತಲೆ ಮ್ಯಾಲೆ ಬಿದ್ರೆ ಗೊತ್ತಾಗ್ತೈತೆ."

"ಬೀಳಲ್ಲ ಕರಿಯಕ್ಕ. ಹೊಸ ವಾಷರ್ ಹಾಕೀನಿ ಅಂತ ಆಗ್ಲಿಂದ ಹೇಳ್ತಿಲ್ವಾ?"

"ಹೋದ್ ಸಲಾನೂ ಹೊಸಾದೇ ಅಂದಿದ್ದೆ. ಹೊಸಾದು ಬಿದ್ರೆ ನೋವಾಗಲ್ವೇನು?"

ಚಳ್ಳಕೆರೆಯ ಅಜ್ಜಪ್ಪನವರ ಶೇಂಗಾ ಮಿಲ್ಲಿನ ಅಂಗಳದಲ್ಲಿ, ಬೇವಿನ ಮರದ ನೆರಳಲ್ಲಿ ಮೊರ ಹಿಡಿದು ಕೂತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಬಾಲರಾಜು ನಗಲಿಲ್ಲ. ಅವನಿಗೆ ನಗುವುದಕ್ಕೆ ಆಗುತ್ತಲೂ ಇರಲಿಲ್ಲ, ಯಾಕೆಂದರೆ ಕರಿಯಕ್ಕನ ಎಡ ಹುಬ್ಬಿನ ಮೇಲೆ ಇನ್ನೂ ಬಿಳಿ ಪಟ್ಟಿ ಇತ್ತು, ಆ ಪಟ್ಟಿಯ ಕೆಳಗಿದ್ದ ಗಾಯ ಅವನು ಬಿಗಿದ ನಟ್ಟಿನದೇ ಆಗಿತ್ತು. ಹಿಂದಿನ ವಾರ ಅವಳು ಜರಡಿಯ ಕೆಳಗೆ ಕೂತು ಬೀಜ ಆರಿಸುತ್ತಿದ್ದಾಗ ಮೇಲಿನಿಂದ ನೆಲ್ಲಿಕಾಯಿ ಗಾತ್ರದ ನಟ್ಟೊಂದು ಕಳಚಿ ನೇರವಾಗಿ ಅಲ್ಲಿಗೇ ಬಿದ್ದಿತ್ತು. ರಕ್ತ ನೋಡಿ ಮೊರ ಎತ್ತಿಕೊಂಡು ಹೊರಗೆ ಬಂದ ಹೆಂಗಸರು ಮತ್ತೆ ಒಳಗೆ ಕಾಲಿಟ್ಟಿರಲಿಲ್ಲ. ಮೊದಲೇ ಸೋಸಿ ಅಂಗಳದಲ್ಲಿ ಸುರಿದಿರುವ ಬೀಜ ಆರಿಸಿಕೊಡುತ್ತೇವೆ, ಅದು ಮುಗಿದರೆ ಮನೆಗೆ ಹೋಗುತ್ತೇವೆ, ಜರಡಿ ಕೆಳಗೆ ಮಾತ್ರ ಕೂರುವುದಿಲ್ಲ ಎಂದು ಕರಿಯಕ್ಕ ಎಲ್ಲರ ಪರವಾಗಿ ಹೇಳಿಬಿಟ್ಟಿದ್ದಳು.

ಜರಡಿ ಎಂದರೆ ಅಡುಗೆ ಮನೆಯ ಜರಡಿಯಲ್ಲ. ಬಾಗಿಲಷ್ಟು ದೊಡ್ಡದಾದ ತೂತಿನ ತಗಡು, ನಾಲ್ಕು ಮೂಲೆಗೆ ನಾಲ್ಕು ಮರದ ಪಟ್ಟಿ ಕಟ್ಟಿಕೊಂಡು ತೊಟ್ಟಿಲಿನ ಹಾಗೆ ತೂಗುಬಿದ್ದಿರುತ್ತದೆ. ಅದರ ಮೇಲೆ ಕಾಯಿ ಒಡೆಯುವ ಮಿಷನ್ನು, ಪಕ್ಕದಲ್ಲಿ ಹೊಟ್ಟು ಹಾರಿಸುವ ಫ್ಯಾನು. ಮೋಟಾರು ಹಾಕಿದ್ದೇ ತಡ, ಜರಡಿ ಹಿಂದಕ್ಕೂ ಮುಂದಕ್ಕೂ ಹುಚ್ಚೆದ್ದು ಕುಣಿಯುತ್ತದೆ, ಗೋಡೆ ನಡುಗುತ್ತದೆ, ನೆಲ ನಡುಗುತ್ತದೆ, ಅಜ್ಜಪ್ಪನವರ ಮೇಜಿನ ಮೇಲಿನ ಟೀ ಲೋಟ ತಾನಾಗಿಯೇ ಅಂಚಿಗೆ ಹೊರಡುತ್ತದೆ! ಕಬ್ಬಿಣದ ಪಟ್ಟಿ ಹಾಕಿದರೆ ಆ ಕುಣಿತಕ್ಕೆ ಸೀಳಿ ಮುರಿದುಹೋಗುತ್ತದೆ. ಮರವಾದರೆ ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಆ ಮರದ ಪಟ್ಟಿಯನ್ನು ಮೇಲೆ ಕಬ್ಬಿಣದ ತೊಲೆಗೂ ಕೆಳಗೆ ಜರಡಿಗೂ ಬಿಗಿದು ಹಿಡಿಯುವುದೇ ಬೋಲ್ಟು, ನಟ್ಟು. ಸೋಸಿದ ಬೀಜ ಇಳಿಯುವ ಜಾಗದಲ್ಲೇ ಹೆಂಗಸರು ಸಾಲಾಗಿ ಕೂತು ಕಪ್ಪು ಬೀಜ, ಒಡಕು ಬೀಜ ಬೇರೆ ಮಾಡಬೇಕು. ಅಂದರೆ ಎಲ್ಲರ ತಲೆಯೂ ಬಾಲರಾಜು ಬಿಗಿದ ನಟ್ಟುಗಳ ಕೆಳಗೇ.

ಆ ಜರಡಿಯನ್ನು ಅಲ್ಲಿ ಕೂರಿಸಿದವನೂ ಅವನೇ. ಚಳ್ಳಕೆರೆಯಲ್ಲಿ ಅವನು ಒಬ್ಬನೇ ನಿಂತು ಕೂರಿಸಿದ ಮೊದಲ ಮಿಷನ್ನು ಅದು. ಅಜ್ಜಪ್ಪನವರು ಬೈಯುವ ಮನುಷ್ಯರಲ್ಲ, ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು: "ಸೋಮವಾರದೊಳಗೆ ಹೆಂಗಸ್ರು ಒಳಗ್ ಕೂರ್ಬೇಕು ಬಾಲರಾಜ. ಇಲ್ಲಾಂದ್ರೆ ದಾವಣಗೆರೆ ಫಿಟ್ಟರ್‌ನ ಕರೆಸ್ತೀನಿ. ಬೇಜಾರು ಮಾಡ್ಕೋಬ್ಯಾಡ ಮತ್ತೆ." ಆ 'ಬೇಜಾರು ಮಾಡ್ಕೋಬ್ಯಾಡ' ಅನ್ನುವುದು ಬಾಲರಾಜುವಿನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು.

ಬಾಲರಾಜು ಮೊಳಕಾಲ್ಮುರು ತಾಲೂಕಿನ ದೇವಸಮುದ್ರದವನು. ಮನೆಯಲ್ಲಿ ತೆಲುಗು, ಮಿಲ್ಲಿನಲ್ಲಿ ಕನ್ನಡ, ಬಸ್ಸಿನಲ್ಲಿ ಯಾರು ಯಾವುದರಲ್ಲಿ ಮಾತಾಡಿಸಿದರೆ ಅದು. ಮೀಸೆ ಚಿಗುರುವ ವಯಸ್ಸಿಗೆ ಮೊಳಕಾಲ್ಮುರಿನ ಒಬ್ಬ ಬಡಗಿಯ ಹತ್ತಿರ ಸೇರಿ ರೇಷ್ಮೆ ಸೀರೆಯ ಮಗ್ಗ ಮಾಡುವುದನ್ನು ಕಲಿತಿದ್ದ. ಮಗ್ಗ ಪೂರ್ತಿ ಮರದ್ದು. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆ ಬಂದರೆ ಸೊರಗುತ್ತದೆ, ನೇಕಾರರು ವರ್ಷಕ್ಕೆ ಹತ್ತು ಸಲ ಕರೆಯುತ್ತಾರೆ, ಇವನು ಹೋಗಿ ಬೆಣೆ ಬಡಿದು ಬರಬೇಕು. ಮರದ ಈ ಚಂಚಲ ಬುದ್ಧಿ ಅವನಿಗೆ ಒಂದು ಚೂರೂ ಹಿಡಿಸಲಿಲ್ಲ. ಒಂದು ದಿನ ಅಲ್ಲೇ ಹತ್ತಿರದ ಹಾನಗಲ್ಲಿನ ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಯಾರೋ ನಟ್ಟು ಬಿಗಿಯುವುದನ್ನು ನಿಂತು ನೋಡಿದ, ಕಿರ್ ಎಂದು ಕೊನೆಯ ಸುತ್ತು ಕಚ್ಚಿಕೊಂಡ ಸದ್ದು ಕೇಳಿದ, ಅಷ್ಟೇ, ಉಳಿ ಬಿಟ್ಟು ನಟ್ಟು ತಿರುಗಿಸುವ ಪಾನಾ ಹಿಡಿದ. ಮತ್ತೆ ಮರದ ಕಡೆ ತಿರುಗಿ ನೋಡಲಿಲ್ಲ.

ಆಮೇಲೆ ಸಡಿಲ ಎನ್ನುವುದನ್ನು ಕಂಡರೆ ಅವನಿಗೆ ಆಗುತ್ತಲೇ ಇರಲಿಲ್ಲ! ಬಳ್ಳಾರಿ ಬಸ್ಸು ಹತ್ತಿದರೆ ಮುಂದಿನ ಸೀಟಿನ ಅಡಿಗೆ ಕೈ ಹೋಗುತ್ತದೆ. ಒಮ್ಮೆ ಬಿ.ಜಿ. ಕೆರೆಯಲ್ಲಿ ಬಸ್ಸು ಟೀಗೆ ನಿಂತಾಗ ಡ್ರೈವರನ್ನೂ ಕೇಳದೆ ಕನ್ನಡಿಯ ಸ್ಟ್ಯಾಂಡು ಬಿಗಿದು, ಇಷ್ಟು ದಿನ ಅಲ್ಲಾಡುವ ಕನ್ನಡಿಗೇ ಕಣ್ಣು ಹೊಂದಿಸಿಕೊಂಡಿದ್ದ ಡ್ರೈವರನಿಂದ ಚೆನ್ನಾಗಿ ಬೈಸಿಕೊಂಡಿದ್ದ. ಹೆಂಡತಿ ಪಾತಮ್ಮ ಹೇಳುವ ಪ್ರಕಾರ, ಅವರ ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿಗೆ ಮದುಮಗನ ಕಣ್ಣು ಮದುಮಗಳ ಮೇಲಿರಲಿಲ್ಲ, ಮೇಲೆ ಗಡಗಡ ಅನ್ನುತ್ತಿದ್ದ ಫ್ಯಾನಿನ ಮೇಲಿತ್ತು.

ಅಂಥವನು ಬಿಗಿದದ್ದೇ ಬಿತ್ತು.

ಅಂಗಳದ ಮಾತು ಮುಗಿದ ಮೇಲೆ ಅವನು ನಿಜವಾಗಿಯೂ ಹೋಗಿ ಜರಡಿಯ ಕೆಳಗೆ ಕೂತ. ಮೋಟಾರು ಹಾಕಿಸಿದ. ತಲೆ ತುಂಬಾ ಹೊಟ್ಟಿನ ಧೂಳು, ರೆಪ್ಪೆ ತುಂಬಾ ಧೂಳು. ಮಧ್ಯಾಹ್ನದವರೆಗೆ ಏನೂ ಆಗಲಿಲ್ಲ. ಊಟದ ಹೊತ್ತು ದಾಟಿದ ಮೇಲೆ ಕುಣಿತದ ಒಳಗಿನಿಂದ ಬೇರೆಯದೇ ಒಂದು ಸದ್ದು ಶುರುವಾಯಿತು: ಟಕ್, ಟಕ್, ಟಕ್. ನಿಲ್ಲಿಸಿ ಏಣಿ ಹತ್ತಿದ. ಮುಂದಿನ ಎಡ ಪಟ್ಟಿಯ ನಟ್ಟು ಎರಡು ಬೆರಳಿಗೆ ತಿರುಗಿತು. ಬೆಳಿಗ್ಗೆ ತಾನೇ ಮೈಯ ಭಾರ ಹಾಕಿ ಬಿಗಿದ ನಟ್ಟು!

"ಏನಾತು?" ಬಾಗಿಲಲ್ಲಿ ಕರಿಯಕ್ಕ.

"ಏನಿಲ್ಲ."

"ಏನಿಲ್ಲ ಅಂದ್ರೆ ಇಳಿದು ಬರ್ತಿದ್ದೆ. ಕಾಗೆ ಕೂತಂಗೆ ಅಲ್ಲೇ ಕೂತೀಯಲ್ಲ."

ಆ ಸಂಜೆ ಬಸ್ಸಿನಲ್ಲಿ ಬಾಲರಾಜು ಯಾವ ಸೀಟಿನ ಅಡಿಗೂ ಕೈ ಹಾಕಲಿಲ್ಲ, ಇದೊಂದನ್ನೇ ಯೋಚಿಸಿದ. ನಟ್ಟು ಬಿಚ್ಚದಂತೆ ಹಿಡಿಯುವುದಕ್ಕೆ ದಾರಿಗಳೇನು ಕಡಿಮೆಯೇ? ಸೀಳಿದ ಬಳೆಯ ಹಾಗಿರುವ ಸ್ಪ್ರಿಂಗ್ ವಾಷರು ಎಲ್ಲರೂ ಹಾಕುತ್ತಾರೆ, ಆದರೆ ಅಡ್ಡಡ್ಡ ಕುಣಿಯುವ ಮಿಷನ್ನಿನಲ್ಲಿ ಅದು ಸ್ವಲ್ಪ ದಿನಕ್ಕೆ ಚಪ್ಪಟೆಯಾಗಿ ಸುಮ್ಮನಾಗುತ್ತದೆ. ವೆಲ್ಡಿಂಗ್ ಹೊಡೆಸಿದರೆ ಈ ಜನ್ಮದಲ್ಲಿ ಬಿಚ್ಚುವುದಿಲ್ಲ, ಪಟ್ಟಿ ಬದಲಾಯಿಸಬೇಕು ಅಂದಾಗಲೂ ಬಿಚ್ಚುವುದಿಲ್ಲ. ಬೋಲ್ಟಿನ ತುದಿ ಸುತ್ತಿಗೆಯಿಂದ ಬಡಿದು ಅಗಲ ಮಾಡಿದರೂ ಅದೇ ಕಥೆ. ಬೋಲ್ಟಿನ ತುದಿಯಲ್ಲಿ ತೂತು ಕೊರೆದು ಸೀಳಿದ ಕಡ್ಡಿಯಂಥ ಸ್ಪ್ಲಿಟ್ ಪಿನ್ನು ಹಾಕಿದರೆ ನಟ್ಟು ಕೆಳಗೆ ಬೀಳುವುದಿಲ್ಲ, ನಿಜ, ಆದರೆ ಪಿನ್ನಿನವರೆಗೆ ಸಡಿಲಾಗುವುದನ್ನು ತಡೆಯುವವರು ಯಾರು? ಒಂದರ ಬೆನ್ನಿಗೊಂದು ಎರಡು ನಟ್ಟು ಹಾಕಿ ಒಂದಕ್ಕೊಂದು ಕಚ್ಚಿಸಬಹುದು. ಬೋಲ್ಟಿನ ಸುತ್ತುಗೆರೆಗೆ, ಅಂದರೆ ಥ್ರೆಡ್ಡಿಗೆ, ಬಿಡುವ ಬಾಟ್ಲಿ ಅಂಟು ಬಂದಿದೆ, ಆದರೆ ಶೇಂಗಾ ಮಿಲ್ಲಿನಲ್ಲಿ ಎಣ್ಣೆ ಜಿಡ್ಡಿಲ್ಲದ ಬೋಲ್ಟು ಎಲ್ಲಿದೆ, ಜಿಡ್ಡಿದ್ದರೆ ಅಂಟು ಹಿಡಿಯುವುದಿಲ್ಲ. ಉಳಿದದ್ದು ನೈಲಾನ್ ನಟ್ಟು. ಒಳಗೆ ನೈಲಾನಿನ ಉಂಗುರ ಇರುತ್ತದೆ, ಅದು ಥ್ರೆಡ್ಡನ್ನು ತಬ್ಬಿ ಹಿಡಿಯುತ್ತದೆ. ದೇವಸಮುದ್ರ ಬರುವಷ್ಟರಲ್ಲಿ ಅವನು ನೈಲಾನಿಗೆ ಮನಸ್ಸು ಮಾಡಿದ್ದ.

ಚಳ್ಳಕೆರೆಯ ಹಾರ್ಡ್‌ವೇರ್ ಅಂಗಡಿಯ ಮಲ್ಲಿಕ್ ನಟ್ಟುಗಳನ್ನು ಕಾಗದದಲ್ಲಿ ಸುತ್ತುತ್ತ, "ಇದು ಬಿಚ್ಕೊಂಡ್ರೆ ಬಂದು ನನ್ನಂಗಡಿ ಬಾಗಿಲು ಬಿಚ್ಕೊಂಡು ಹೋಗೋ" ಅಂದ.

ಮರುದಿನ ಮಧ್ಯಾಹ್ನವೇ ಮತ್ತೆ ಟಕ್, ಟಕ್. ಬಾಲರಾಜು ಒಂದು ನಟ್ಟು ಬಿಚ್ಚಿಕೊಂಡು ಹೋಗಿ ಮಲ್ಲಿಕ್‌ನ ಗಲ್ಲಾ ಪೆಟ್ಟಿಗೆಯ ಮೇಲೆ ಕುಕ್ಕಿದ. "ಡೂಪ್ಲಿಕೇಟ್ ಮಾಲು ಕೊಡ್ತೀಯೇನ್ಲೇ?"

ಮಲ್ಲಿಕ್ ಅದನ್ನು ಬೇರೆ ಬೋಲ್ಟಿಗೆ ಹಾಕಿ ಕೈಯಲ್ಲಿ ತಿರುಗಿಸಿ ನೋಡಿದ. ಅರ್ಧಕ್ಕೆ ಗಪ್ಪೆಂದು ನಿಂತಿತು. ಪಾನಾ ಇಲ್ಲದೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. "ನಟ್ಟು ಕಲ್ಲಿದ್ದಂಗೈತಲ್ಲೋ. ನಿನ್ ಜರಡಿಗೇ ಗಾಳಿ ಹಿಡಿದೈತೆ, ತಾಯಿತ ಕಟ್ಸು ಹೋಗು."

ಮಲ್ಲಿಕ್ ಹೇಳಿದ್ದರಲ್ಲಿ ಒಂದು ಮಾತು ನಿಜವಿತ್ತು, ನಟ್ಟು ಸರಿಯಾಗಿಯೇ ಇತ್ತು. ಆದರೆ ಸಿಟ್ಟು ಬಂದವನಿಗೆ ಅದು ಕೇಳಿಸಲಿಲ್ಲ. ಅವನು ಒಂದರ ಬೆನ್ನಿಗೊಂದು ನಟ್ಟು ಹಾಕಿದ, ತೆಳ್ಳನೆಯದು ಒಳಗೆ, ದಪ್ಪನೆಯದು ಹೊರಗೆ. ಅದಕ್ಕೂ ಟಕ್ ಟಕ್ ಬಂದಾಗ ಮತ್ತೆ ನೈಲಾನಿನದನ್ನೇ ಏರಿಸಿದ. ಅಂಗಳದ ಬೀಜದ ರಾಶಿ ಕರಗುತ್ತ ಬಂತು, ಅದರ ಜೊತೆಗೆ ವಾರವೂ ಮುಗಿಯಿತು.

ಸೋಮವಾರ ಅವನು ಮೊದಲ ಬಸ್ಸಿಗೇ ಬಂದ. ಮಿಲ್ಲಿನಲ್ಲಿ ಆಗಲೇ ಕಾಯಿಗೆ ನೀರು ಹೊಡೆಯುತ್ತಿದ್ದರು. ಒಣ ಕಾಯಿ ಹಾಗೇ ಒಡೆದರೆ ಬೀಜ ಹೋಳಾಗುತ್ತದೆ, ಸಿಪ್ಪೆ ಸ್ವಲ್ಪ ನೆನೆದಿದ್ದರೆ ಇಡೀ ಬೀಜ ಬರುತ್ತದೆ. ಅದಕ್ಕೇ ದಿನಾ ಬೆಳಿಗ್ಗೆ ಮಿಷನ್ನಿನ ಬಾಯಿಯ ಹತ್ತಿರವೇ ಕಾಯಿ ಸುರಿದು ಪೈಪು ಹಿಡಿಯುವುದು ಈ ಕಡೆಯ ಮಿಲ್ಲುಗಳ ಪದ್ಧತಿ. ನೀರು ನಿಂತ ಮೇಲೆ ಬಾಲರಾಜು ಏಣಿ ಹತ್ತಿ ಎಲ್ಲ ನಟ್ಟುಗಳನ್ನೂ ಹಲ್ಲು ಕಚ್ಚಿ ಬಿಗಿದ. ಇಳಿಯುವ ಹೊತ್ತಿಗೆ ಅಜ್ಜಪ್ಪನವರ ಹೆಂಡತಿ ಜಗದಾಂಬ ವಿಭೂತಿ ಕಲಸಿದ ಬಟ್ಟಲು ಹಿಡಿದು ಬಂದರು. ಸೋಮವಾರ ಮೋಟಾರಿಗೆ, ಕಾಯಿ ಒಡೆಯುವ ಮಿಷನ್ನಿಗೆ ಅವರು ಮೂರು ಬೆರಳಿನ ವಿಭೂತಿ ಹಚ್ಚುವುದು ರೂಢಿ. ಅವತ್ತು ಜರಡಿಯ ಹತ್ತಿರವೂ ಹೋದರು.

"ಅಮ್ಮಾರೆ, ನಟ್ಟಿನ ಮ್ಯಾಲ್ ಬ್ಯಾಡ್ರಿ. ಈಗ ತಾನೇ ಬಿಗಿದೀನಿ."

"ರಕ್ತ ಬಿದ್ದ ಜಾಗ ಕಣಪ್ಪ. ಹಚ್ಚಿದ್ರೆ ನಿನ್ ಬಿಗಿ ಏನ್ ಕಡಿಮೆ ಆಗಲ್ಲ, ಸರಿ ಅತ್ಲಾಗೆ."

ಏಣಿಯ ಮೇಲೆ ನಿಂತು ಒಂದೊಂದಕ್ಕೂ ಎಳೆದರು. ಮೂರು ಬೆರಳು ನಟ್ಟಿಗಿಂತ ಅಗಲ, ಹಾಗಾಗಿ ಬಿಳಿ ಗೆರೆಗಳು ನಟ್ಟನ್ನು ದಾಟಿ ಅದರ ಎರಡೂ ಕಡೆಯ ಕಬ್ಬಿಣದ ಮೇಲೂ ಕೂತವು. ಗಾಳಿಗೆ ಒಣಗಿ ಸುಣ್ಣ ಬಳಿದ ಹಾಗೆ ಗಟ್ಟಿಯಾದವು. ಜರಡಿ ಕುಣಿಯತೊಡಗಿತು. ಸಂಕ್ರಾಂತಿ ಕಳೆದ ಮೇಲಿನ ಒಣ ಗಾಳಿ ಬಾಗಿಲಿಂದ ಬಾಗಿಲಿಗೆ ಹೊಡೆಯುತ್ತಿತ್ತು. ಬಾಲರಾಜು ಅದರ ಕೆಳಗೆ ಕೂತು ಕಾದ, ಮಧ್ಯಾಹ್ನಕ್ಕೆ ಟಕ್ ಟಕ್ ಬಂತು. ಅವನು ಕೂತಲ್ಲಿಂದಲೇ ಮೋಟಾರು ನಿಲ್ಲಿಸಲು ಹೇಳಿದ, ಏಳಲೂ ಇಲ್ಲ. ಅಜ್ಜಪ್ಪನವರು ಫೋನಿನ ಹತ್ತಿರ ಹೋಗುವುದು ಕಾಣುತ್ತಿತ್ತು.

ಹೊರಗಿನ ರಾಶಿ ಮುಗಿಸಿ ಹೊರಡಲು ಬಂದ ಕರಿಯಕ್ಕ ಮಿಷನ್ನು ನಿಂತದ್ದು ನೋಡಿ ಒಳಗೆ ಇಣುಕಿದಳು. ಹಣೆಯ ಮೇಲೆ ಕೈ ಇಟ್ಟುಕೊಂಡು ಮೇಲೆ ನೋಡಿದಳು.

"ಲೇ ಬಾಲರಾಜ, ನಟ್ಟು ತಿರುಗೇ ಇಲ್ವಲ್ಲೋ."

"ತಿರುಗದೆ ಸದ್ದು ಬರ್ತೈತಾ? ತಮಾಷೆ ಮಾಡ್ಬ್ಯಾಡ ಅಕ್ಕ, ಇವತ್ತೊಂದಿನ ಬಿಡು."

"ತಮಾಷೆ ಏನ್ ಬಂತು? ಅಮ್ಮಾರು ಎಳೆದ ಗೆರೆ ನೋಡು. ತಿರುಗಿದ್ರೆ ಗೆರೆ ಮುರೀಬೇಕಿತ್ತಾ ಇಲ್ವಾ? ನನ್ ಸೆರಗಿನ ಅಂಚು ಇದ್ದಂಗೆ ನೆಟ್ಟಗೈತೆ."

ಬಾಲರಾಜು ಏಣಿ ಹತ್ತಿದ. ಗೆರೆ ಮುರಿದಿರಲಿಲ್ಲ. ನಟ್ಟು ಒಂದು ಕೂದಲೆಳೆಯಷ್ಟೂ ಸರಿದಿರಲಿಲ್ಲ. ಆದರೆ ಪಟ್ಟಿಯನ್ನು ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಎಂದು ಆಡುತ್ತಿತ್ತು! ಅವನು ಬಾಯಲ್ಲಿ "ಏಮಿರಾ ಇದಿ, ಏಮಿರಾ ಇದಿ" ಎಂದು ತನಗೆ ತಾನೇ ತೆಲುಗಿನಲ್ಲಿ, ಇದೇನಿದು ಅಂತ, ಕೇಳಿಕೊಳ್ಳತೊಡಗಿದ. ಇನ್ನೊಂದು ಪಟ್ಟಿ, ಅದೂ ಹಾಗೇ. ಮರಕ್ಕೂ ಕಬ್ಬಿಣಕ್ಕೂ ನಡುವೆ ಹೆಬ್ಬೆರಳಿನ ಉಗುರು ತೂರಿಸಿ ನೋಡಿದ. ಉಗುರು ಹೋಯಿತು. ಬೆಳಿಗ್ಗೆ ಅಲ್ಲಿ ಕಾಗದ ತೂರಿಸಲೂ ಜಾಗವಿರಲಿಲ್ಲ.

ಆಗ ಮರದ ಮೇಲೆ ಅಂಗೈ ಇಟ್ಟ. ಹಪ್ಪಳದ ಹಾಗೆ ಒಣಗಿತ್ತು. ಬೆಳಿಗ್ಗೆ ಅದೇ ಮರ ಒದ್ದೆಯಾಗಿತ್ತು, ಅವನ ಅಂಗಿಯ ತೋಳೂ ಅದಕ್ಕೆ ತಾಗಿ ಒದ್ದೆಯಾಗಿತ್ತು. ಮೇಲೆ ಕಾಯಿಗೆ ಹೊಡೆದ ನೀರು ಸೋರಿ ಈ ಪಟ್ಟಿಗಳ ಮೇಲೇ ಇಳಿಯುತ್ತದೆ, ಮರ ಕುಡಿದು ಉಬ್ಬುತ್ತದೆ. ಬಸ್ಸಿಳಿದು ಬಂದ ಬಾಲರಾಜು ಸರಿಯಾಗಿ ಅದೇ ಹೊತ್ತಿಗೆ, ಉಬ್ಬಿದ ಮರದ ಮೇಲೆ ನಟ್ಟು ಬಿಗಿಯುತ್ತಾನೆ. ಮಧ್ಯಾಹ್ನಕ್ಕೆ ಗಾಳಿಗೆ ಮರ ಒಣಗಿ ತೆಳ್ಳಗಾಗುತ್ತದೆ. ನಟ್ಟು ಇದ್ದಲ್ಲೇ ಇರುತ್ತದೆ, ಅದು ಹಿಡಿದಿದ್ದ ವಸ್ತುವೇ ಸೊರಗಿರುತ್ತದೆ. ಹಿಡಿತ ತಪ್ಪಿದ ಮಾಮೂಲಿ ನಟ್ಟಾದರೆ ಆ ಕುಣಿತಕ್ಕೆ ಸುತ್ತು ಸುತ್ತಾಗಿ ಕಳಚಿ ಯಾರದೋ ಹುಬ್ಬಿನ ಮೇಲೆ ಬೀಳುತ್ತದೆ. ನೈಲಾನಿನದಾದರೆ ಬೀಳದೆ ಅಲ್ಲೇ ನಿಂತು ಟಕ್ ಟಕ್ ಅನ್ನುತ್ತದೆ.

ಮೊಳಕಾಲ್ಮುರಿನ ಮಗ್ಗಗಳಿಗೆ ಬೆಣೆ ಬಡಿದ ಕೈ ಅದು! ಮರ ಉಬ್ಬುವುದು, ಸೊರಗುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ, ಕಬ್ಬಿಣಕ್ಕೆ ಮನಸೋತು ಮರವನ್ನು ಅವನು ಲೆಕ್ಕಕ್ಕೇ ಇಟ್ಟಿರಲಿಲ್ಲ, ಅಷ್ಟೇ.

"ಸಾವ್ಕಾರ್ರೆ, ಫೋನ್ ಇಡ್ರಿ!" ಏಣಿಯ ಮೇಲಿಂದಲೇ ಕೂಗಿದ. "ಇಷ್ಟ್ ದಿನ ನಾನು ಬಿಗಿದಿದ್ದು ಮರಾನಲ್ಲ, ನೀರನ್ನ!"

ಅಜ್ಜಪ್ಪನವರಿಗೆ ಇವನ ತಲೆಗೆ ಬಿಸಿಲು ಹತ್ತಿದೆಯೇನೋ ಅನ್ನಿಸಿತು. ಹತ್ತಿರ ಬಂದು ಗೆರೆ ನೋಡಿದರು, ಉಗುರು ತೂರಿಸಿ ನೋಡಿದರು, ತಮ್ಮ ಹೆಂಡತಿಯನ್ನೂ ಒಮ್ಮೆ ನೋಡಿದರು. ಕೊನೆಗೆ ಫೋನು ಇಟ್ಟರು.

ಮಾಡಬೇಕಾದ್ದನ್ನು ಬಾಲರಾಜು ಒಂದೇ ಉಸಿರಿಗೆ ಹೇಳಿದ. ಪಟ್ಟಿಗಳನ್ನು ಬಿಚ್ಚಿ ಚೆನ್ನಾಗಿ ಒಣಗಿಸಿ ಬಿಸಿ ಎಣ್ಣೆಯಲ್ಲಿ ಮುಳುಗಿಸಿಡಬೇಕು. ಎಣ್ಣೆ ಕುಡಿದ ಮರ ನೀರು ಕುಡಿಯುವುದು ಕಡಿಮೆ, ಶೇಂಗಾ ಮಿಲ್ಲಿನಲ್ಲಿ ಎಣ್ಣೆಗೇನು ಬರ. ನೈಲಾನ್ ನಟ್ಟೇ ಇರಲಿ, ಅದರಾಚೆಗೆ ಸ್ಪ್ಲಿಟ್ ಪಿನ್ನೂ ಇರಲಿ, ಎಲ್ಲ ಕೈಕೊಟ್ಟರೂ ತಲೆಯ ಮೇಲೆ ಬೀಳಬಾರದು. ವಿಭೂತಿಯ ಜಾಗದಲ್ಲಿ ಬಿಳಿ ಪೇಂಟಿನ ಗೆರೆ ಎಳೆದರೆ ನಟ್ಟು ತಿರುಗಿತೋ ಇಲ್ಲವೋ ಕೆಳಗೆ ಕೂತವರಿಗೂ ಕಾಣುತ್ತದೆ. ಮುಖ್ಯವಾಗಿ ಕಾಯಿಗೆ ನೀರು ಇಲ್ಲಿ ಹೊಡೆಯಬಾರದು, ಹಿಂದಿನ ಸಂಜೆಯೇ ಅಂಗಳದಲ್ಲಿ ಹೊಡೆದು ಗೋಣಿ ತಾಟು ಮುಚ್ಚಿಡಬೇಕು.

"ಅಂಗಳದಾಗೆ ಹೊಡೆದು, ಮತ್ತೆ ಹೊತ್ಕೊಂಡು ಮ್ಯಾಲೆ ಹಾಕೋರು ಯಾರೋ?" ಅಂದರು ಅಜ್ಜಪ್ಪ.

"ನಾವು ಹೊರ್ತೀವಿ ಬಿಡ್ರಿ" ಅಂದಳು ಕರಿಯಕ್ಕ. "ತಲೆ ಒಡಸ್ಕೊಳ್ಳೋದಕ್ಕಿಂತ ತಲೆ ಮ್ಯಾಲೆ ಹೊರೋದು ವಾಸಿ. ಆದ್ರೆ ಒಂದ್ ಮಾತು. ಮರ ಪೂರ್ತಿ ಒಣಗೋದು ಸಂಜೆಗೆ ತಾನೆ? ಸಂಜೆ ಹೊತ್ನಾಗೆ ಬಿಗಿ ನೋಡೋರು ಯಾರು? ಇವನಂತೂ ಬಸ್ಸು ಹತ್ತಿ ಓಡ್ತಾನೆ."

ಅವಳು ಬಾಲರಾಜುವಿನ ಕಡೆ ಕೈ ಚಾಚಿದಳು.

"ಪಾನಾ ನನ್ ಕೈಗೆ ಕೊಡು. ಮಿಷನ್ ನಿಂತ್ ಮ್ಯಾಲೆ ನಾನೇ ನೋಡ್ತೀನಿ."

ಬಾಲರಾಜುವಿಗೆ ಇದು ಎಲ್ಲಕ್ಕಿಂತ ಕಷ್ಟದ ಮಾತಾಯಿತು. ಕೂರಿಸಿದ ದಿನದಿಂದ ಆ ಜರಡಿಯ ನಟ್ಟಿಗೆ ಅವನ ಪಾನಾ ಬಿಟ್ಟು ಇನ್ನೊಬ್ಬರದು ತಾಗಿರಲಿಲ್ಲ. ಬೇರೆಯವರು ಬಿಗಿದದ್ದನ್ನು ಅವನು ಎಂದೂ ನಂಬಿದವನಲ್ಲ. ಆದರೆ ತಾನು ಬಿಗಿದದ್ದನ್ನು ನಂಬಿ ಕೂತವಳ ಹುಬ್ಬಿನ ಪಟ್ಟಿ ಎದುರಿಗೇ ಇತ್ತು. ಪಾನಾವನ್ನು ಪ್ಯಾಂಟಿಗೆ ಒರೆಸಿ ಅವಳ ಕೈಗಿಟ್ಟ.

"ಜೋತು ಬೀಳಬ್ಯಾಡ. ಮೈ ಭಾರ ಹಾಕಿದ್ರೆ ಮರ ಜಜ್ಜೋಗ್ತೈತೆ. ಕೈ ಭಾರ ಸಾಕು. ನಾಳೆ ಪಿನ್ನು ಹಾಕಿದ್ ಮ್ಯಾಲೆ, ಮೊದ್ಲು ಅದನ್ನ ತೆಗಿ, ಆಮ್ಯಾಕೆ ಬಿಗಿ. ಹಾಂ, ಅಷ್ಟೇ."

"ಮೂರು ಮಕ್ಕಳ್ನ ಹೆತ್ತೋಳ್ಗೆ ಕೈ ಭಾರ ಎಷ್ಟು ಅಂತ ಹೇಳಿಕೊಡ್ತಾನೆ" ಎಂದಳು ಕರಿಯಕ್ಕ. ಆದರೆ ಅವನು ಹೇಳಿದ ಹಾಗೇ ಮಾಡಿದಳು.

ಪಟ್ಟಿಗಳು ಬಿಸಿಲಲ್ಲಿ ಒಣಗಿ, ಎಣ್ಣೆ ಕುಡಿದು, ಮತ್ತೆ ಏರಿದ್ದು ಗುರುವಾರ. ಅವತ್ತು ಜರಡಿ ಸಂಜೆಯವರೆಗೆ ಕುಣಿಯಿತು, ಅದರ ಕೆಳಗೆ ಬಾಲರಾಜು ಕೂತ. ಶುಕ್ರವಾರ ಮತ್ತೆ ಕೂತ. ಊಟದ ಹೊತ್ತು ದಾಟಿತು, ಕುಣಿತದ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಕರಿಯಕ್ಕ ಬಾಗಿಲಲ್ಲಿ ನಿಂತು ಬಿಳಿ ಗೆರೆಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಒಳಗೆ ಬಂದು, ಕಾಲಿನಲ್ಲಿ ಹೊಟ್ಟು ಸರಿಸಿ, ಅವನ ಪಕ್ಕದಲ್ಲೇ ಕೂತು ಮೊರ ಮಡಿಲಿಗೆಳೆದುಕೊಂಡಳು.

"ಸರಿಯಪ್ಪ ಅತ್ಲಾಗೆ. ಇದು ನನ್ ಜಾಗ."

ಹಿಂದೆಯೇ ಉಳಿದವರೂ ಬಂದರು, ಬಳೆಗಳ ಸದ್ದು, ಬೈಗುಳ, ಜಾಗದ ಜಗಳ. ಬಾಲರಾಜು ಎದ್ದು ಗೋಡೆಗೆ ಒರಗಿ ನಿಂತು ತಲೆಯಿಂದ ಹೊಟ್ಟು ಒದರಿಕೊಂಡ. ಬಸ್ಸಿಗೆ ಹೊತ್ತಾಗುತ್ತಿದ್ದರೂ ಕಾಲು ಕೀಳಲು ಮನಸ್ಸಾಗಲಿಲ್ಲ.

"ಸೋಮವಾರ ಬೆಳಿಗ್ಗೆ ಬರ್ತೀನಿ ಕರಿಯಕ್ಕ, ಒಂದ್ಸಲ ಎಲ್ಲಾ ನೋಡ್ತೀನಿ."

"ಬೆಳಿಗ್ಗೆ ಯಾಕೆ ಬರ್ತೀಯ? ಸಂಜೆಗ್ ಬಾ. ಒಣಗಿದ್ ಮ್ಯಾಲೆ ಹೆಂಗೈತೆ ಅಂತ ನೋಡು."

"ಸಂಜೆ ಬಂದ್ರೆ ವಾಪಸ್ ಬಸ್ಸು?"

"ನಮ್ಮನೆ ಇಲ್ವಾ? ಪಾತಮ್ಮನ್ನೂ ಕರ್ಕೊಂಡ್ ಬಾ. ಉಂಡು, ಮಲಗಿ, ಮಂಗಳವಾರ ಹೋಗೀರಂತೆ. ರೊಟ್ಟಿ, ಶೇಂಗಾ ಚಟ್ನಿ ಮಾಡಿಸ್ತೀನಿ."

"ಆತು. ನಾಕು ಗಂಟೆ ಬಸ್ಸಿಗೆ ಬರ್ತೀವಿ, ಸೋಮವಾರ."